ಅಕ್ಕನ ತಾಂಬೂಲ ಯಾರ ಮನೆಗೆ

ಚುನಾವಣೆಯ ವಿಷಯದಲ್ಲಿ ನಾನು ಹೇಳಿದ ಮಾತು ಸುಳ್ಳಾಗುವುದು ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇದೆ, ಅದು ಬೇರೆ ಮಾತು. ವಾರ್ಡಿನಿಂದ ಹಿಡಿದು ದಿಲ್ಲಿಯವರೆಗೆ ಯಾರಿಗೆ ಟಿಕೆಟ್ ಸಿಗುತ್ತದೆ, ಸಿಗದವರಲ್ಲಿ ಯಾರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಂಡವರು ಯಾವ ಆಸೆಗೆ ತಣ್ಣಗಾಗುತ್ತಾರೆ ಎಂಬುದನ್ನೆಲ್ಲ ಚಾಮರಾಜಪೇಟೆಯ ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳಿದ್ದೇನೆ. ಹೆಚ್ಚುಕಡಿಮೆ ಹಾಗೆಯೇ ಆಗಿದೆ. ನಾನು ಕೆಲಸ ಮಾಡಿದ್ದು ವಿಮಾ ಕಚೇರಿಯಲ್ಲಿ. ಮನುಷ್ಯ ಯಾವಾಗ ಹೋಗುತ್ತಾನೆ ಎಂದು ಅಂದಾಜು ಮಾಡುವುದೇ ಅಲ್ಲಿನ ಉದ್ಯೋಗ. ಅದನ್ನೇ ಜೀವಮಾನವಿಡೀ ಮಾಡಿದವನಿಗೆ ಯಾರು ಗೆದ್ದು ಬರುತ್ತಾರೆ ಎಂದು ಹೇಳುವುದು ಕಷ್ಟವೇನಲ್ಲ.

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಯ ಕಾವು ಏರಿದ್ದ ವರ್ಷ ಅದು. ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತವರು ಉಪಾಧ್ಯಕ್ಷ ಯಾರೆಂದು ತಾವೇ ಆರಿಸಿ, ಇಬ್ಬರೂ ಜೋಡಿಯಾಗಿ ಓಟು ಕೇಳಬೇಕು. ಆ ಜೋಡಿ ಯಾರಾಗಬಹುದು ಎಂಬ ಚಿಂತೆ ಅಮೆರಿಕದವರಿಗೆ ಎಷ್ಟಿತ್ತೋ ಗೊತ್ತಿಲ್ಲ, ನಮ್ಮ ಬೆಂಚಿಗಂತೂ ಬೆಳಗಿನ ವಾಕಿಂಗ್ ಮರೆಯುವಷ್ಟು ಇತ್ತು. ಬೆಂಚಿನಲ್ಲಿ ನನ್ನ ಪಕ್ಕ ಕೂರುವವರು ಮಾವಳ್ಳಿಯ ಇಂಜಿನಿಯರು. ಸರ್ಕಾರದಲ್ಲಿ ಸೇತುವೆ ಕಟ್ಟಿಸಿ ನಿವೃತ್ತರಾದವರು. ಮನೆಯ ಪಕ್ಕದಲ್ಲೇ ಲಾಲ್‌ಬಾಗ್ ಇಟ್ಟುಕೊಂಡು, ಬರಿಯ ಮಾತಿನ ಚಪಲಕ್ಕೆ ನಮ್ಮ ಪಾರ್ಕಿನವರೆಗೆ ನಡೆದು ಬರುತ್ತಾರೆ.

"ಅಲ್ರೀ, ನೀವು ಮೈಸೂರು ರೋಡ್ ದಾಟಿ ಆಚೆ ಹೋದೋರಲ್ಲ. ಅಮೆರಿಕದಲ್ಲಿ ಯಾರನ್ನ ತಗೋತಾರೆ ಅಂತ ನಿಮಗೆ ಹೆಂಗ್ ಗೊತ್ತಾಗತ್ತೆ?" ಎಂದು ಅವರು ಕೇಳಿದರು.

"ಹೋಗೋದ್ಯಾಕೆ ಸ್ವಾಮಿ? ಹೆಣ್ಣು ನೋಡಕ್ಕೆ ಹೋದಾಗ ಏನ್ ನೋಡ್ತೀವಿ? ನಮ್ಮನೇಲಿ ಇಲ್ದೇ ಇರೋದು ಅವ್ರ ಮನೇಲಿ ಇದೆಯಾ ಅಂತ ತಾನೇ? ಇಲ್ಲೂ ಅಷ್ಟೇ. ಪೇಟೆಯವರು ನಿಂತ್ರೆ ಪಕ್ಕದಲ್ಲಿ ಹಳ್ಳಿಯವ್ರು ಬೇಕು. ವಯಸ್ಸಾದವ್ರಾದ್ರೆ ಪಕ್ಕದಲ್ಲಿ ಬಿಸಿರಕ್ತ ಬೇಕು."

ಬೆಂಚಿನವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ನಾನು ಹೇಳಿದವರೇ ಆದರು. ಅವತ್ತು ಎಲ್ಲರೂ ಸೇರಿ ನನಗೆ ಕಾಫಿ ಕುಡಿಸಿದರು, ಬೈಟು ಅಲ್ಲ, ಪೂರ್ತಿ ಲೋಟ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ಅದ್ರಿಂದ ನಮ್ಮನೆಗೆ ಏನ್ ಬಂತು?" ಎಂದಳು. ಅವಳಿಗೆ ರಾಜಕೀಯದ ರುಚಿ ಇಲ್ಲ.

ಅದೇ ಆಷಾಢದಲ್ಲಿ ನಮ್ಮ ಸಮುದಾಯದ ಸಂಘಕ್ಕೂ ಚುನಾವಣೆ ಬಂತು. ಇದು ನಮ್ಮ ಮನೆಯ ಬಾಗಿಲಿಗೇ ಬಂದ ಚುನಾವಣೆ. ಏಕೆಂದರೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆಂದು ಹೊರಟವಳು ನನ್ನ ಸ್ವಂತ ಅಕ್ಕ.

ಸಂಘ ದೊಡ್ಡದೇನಲ್ಲ. ಹೊಲ ಗದ್ದೆ ಬಿಟ್ಟು ಪೇಟೆಗೆ ಬಂದ ನಮ್ಮ ಹಿರಿಯರು ಮೂಟೆ ಹೊತ್ತು, ಗಾಡಿ ಹೊಡೆದು, ಕೈಯಲ್ಲಿ ನಾಲ್ಕು ಕಾಸು ಆದಮೇಲೆ ಕಟ್ಟಿಕೊಂಡದ್ದು. ಅದರ ಆಸ್ತಿ ಎಂದರೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಮುಂದೆ ಕಚೇರಿ ಮತ್ತು ಒಂದು ಹಾಲು, ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲ್ಲು. ಹಳ್ಳಿಗಳಿಂದ ಓದಲು ಬರುವ ಹುಡುಗಿಯರು ಇವತ್ತಿಗೂ ಅಲ್ಲಿರುತ್ತಾರೆ. ಆಗಿನ ಅಧ್ಯಕ್ಷರು ಆ ಹಾಸ್ಟೆಲ್ಲನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಲು ನಕ್ಷೆ ತೆಗೆಸಿದ್ದರು. ಸಂಘಕ್ಕೆ ಆದಾಯ ಬೇಡವೇ, ಹುಡುಗಿಯರಿಗೆ ಬೇಕಾದಷ್ಟು ಪಿ.ಜಿ.ಗಳಿಲ್ಲವೇ ಎಂಬುದು ಅವರ ವಾದ. ಇನ್ನೊಂದು ಅವಧಿಗೆ ಅವರೇ ಗೆದ್ದರೆ ಹಾಸ್ಟೆಲ್ಲಿಗೆ ಜೆಸಿಬಿ ಬರುವುದು ಖಂಡಿತವಿತ್ತು.

ಅಕ್ಕ ಆ ಹಾಸ್ಟೆಲ್ಲಿನಲ್ಲಿ ಇದ್ದು ಓದಿದವಳು. ಅದು ಇಲ್ಲದಿದ್ದರೆ ಅವಳನ್ನು ಊರ ಶಾಲೆಗೇ ನಿಲ್ಲಿಸಿ ಮದುವೆ ಮಾಡಿಬಿಡುತ್ತಿದ್ದೆ ಎಂದು ನಮ್ಮಪ್ಪ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಓದಿದಳು, ಸರ್ಕಾರಿ ಕೆಲಸ ಹಿಡಿದಳು, ನನ್ನನ್ನು ಊರಿನಿಂದ ಕರೆಸಿ ತನ್ನ ಸಂಬಳದಲ್ಲಿ ಓದಿಸಿದಳು. ಮದುವೆಯಾಗಿ ಕೆಲವೇ ವರ್ಷಕ್ಕೆ ಭಾವ ತೀರಿಕೊಂಡರು. ಅಂದಿನಿಂದ ನಮ್ಮ ಮನೆಯ ಮೇಲಿನ ಮಹಡಿಯೇ ಅವಳ ಮನೆ. ನಿವೃತ್ತಿಯಾದ ಮೇಲೆ ಹಾಸ್ಟೆಲ್ಲಿನ ಉಸ್ತುವಾರಿ ವಹಿಸಿಕೊಂಡು, ಬೆಳಗ್ಗೆ ಅಲ್ಲಿಗೆ ಹೋದರೆ ಸಂಜೆ ಹುಡುಗಿಯರಿಗೆ ತಿಂಡಿಯಾದ ಮೇಲೇ ವಾಪಸ್ಸು. ನನಗೆ ಅಕ್ಕನ ಮೇಲೆ ಪ್ರೀತಿಯಷ್ಟೇ ಭಯ ಕೂಡ ಇದೆ. ಈ ವಯಸ್ಸಿನಲ್ಲೂ ಅವಳು ಮೆಟ್ಟಿಲು ಇಳಿಯುವ ಸದ್ದಾದರೆ ನಾನು ಕಾಲ ಮೇಲಿಂದ ಕಾಲು ತೆಗೆಯುತ್ತೇನೆ.

"ನಾನೇ ನಿಲ್ತೀನಿ ಕಣೋ," ಎಂದಳು ಒಂದು ದಿನ. "ಇನ್ನೊಬ್ರನ್ನ ನಿಲ್ಸಿ, ಅವ್ರು ಗೆದ್ದ್ಮೇಲೆ ಅವ್ರ ಮುಂದೆ ಕೈಕಟ್ಕೊಂಡು ನಿಲ್ಲೋ ಕೆಲಸ ನಂಗಾಗಲ್ಲ."

ಸಂಘದ ಅಧ್ಯಕ್ಷ ಸ್ಥಾನಕ್ಕೆ ಅದುವರೆಗೆ ಹೆಂಗಸರು ನಿಂತಿರಲಿಲ್ಲ. ಆದರೆ ಜನ ಮಾತಾಡಿಕೊಂಡದ್ದು ಅದನ್ನಲ್ಲ. ಅಕ್ಕನ ಜೋಡಿ ಯಾರು ಎಂಬುದನ್ನು.

ನಮ್ಮ ಸಂಘದಲ್ಲೂ ಅಮೆರಿಕದ ಹಾಗೆಯೇ ಜೋಡಿ ಪದ್ಧತಿ. ಅವರಿಗಿಂತ ನಾವೇ ಮೊದಲು ಶುರುಮಾಡಿದೆವು ಎಂದು ನಾನು ಇಂಜಿನಿಯರಿಗೆ ಹೇಳುತ್ತಿದ್ದೆ, ಅವರೂ ಸಂಘದ ಸದಸ್ಯರೇ ಆದರೂ ನಂಬುತ್ತಿರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ತಾವು ಆರಿಸಿದವರ ಮನೆಗೆ ಹೋಗಬೇಕು. ತಮ್ಮ ಕೈಯಾರೆ ತಾಂಬೂಲ ಕೊಡಬೇಕು. ಅವರು ಅದನ್ನು ತೆಗೆದುಕೊಂಡರೆ ಉಪಾಧ್ಯಕ್ಷ ಸ್ಥಾನಕ್ಕೆ ಒಪ್ಪಿದಂತೆ. ಮಾರನೆಯ ದಿನವೇ ಇಬ್ಬರ ಫೋಟೋ ಜೊತೆಯಾಗಿ ಹಾಕಿಸಿದ ಕರಪತ್ರ ಅಚ್ಚಿಗೆ ಹೋಗುತ್ತದೆ. ಬೈಲಾದಲ್ಲಿ ಈ ಮಾತು ಎಲ್ಲೂ ಇಲ್ಲ. ಆದರೆ ತಾಂಬೂಲವಿಲ್ಲದ ಜೋಡಿಗೆ ನಮ್ಮವರು ಓಟು ಹಾಕುವುದಿಲ್ಲ, ಮಂತ್ರವಿಲ್ಲದ ಮದುವೆ ಎಂದು ನಗುತ್ತಾರೆ.

ಆಷಾಢದಲ್ಲಿ ತಾಂಬೂಲ ಕೊಡುವಂತಿಲ್ಲ. ಹಾಗಾಗಿ ಶ್ರಾವಣ ಬರುವವರೆಗೆ ಊಹೆ ಕುದಿಯಲು ಒಂದಿಡೀ ತಿಂಗಳು ಸಿಕ್ಕಿತು. ಸಂಘದ ಜಗಲಿಯಲ್ಲಿ ಅದೇ ಮಾತು, ಇಡ್ಲಿ ಹೋಟೆಲಿನಲ್ಲಿ ಅದೇ ಮಾತು. ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವುಗಳ ನಡುವೆಯೂ ಅದೇ. ನನ್ನನ್ನು ಕೇಳದೆ ಯಾರೂ ಬಿಡುತ್ತಿರಲಿಲ್ಲ, ಅಭ್ಯರ್ಥಿಯ ತಮ್ಮ ಎಂಬುದಕ್ಕಿಂತ ಹೆಚ್ಚಾಗಿ ಅಮೆರಿಕದ್ದನ್ನು ಸರಿಯಾಗಿ ಹೇಳಿದವನು ಎಂದು. ನಾನು ನಕ್ಕು ಸುಮ್ಮನಿರುತ್ತಿದ್ದೆ. ಒಳಗೆ ಉತ್ತರ ಸಿದ್ಧವಿತ್ತು.

ನನ್ನ ಲೆಕ್ಕ ಹೀಗೆ. ಅಕ್ಕನಿಗೆ ಸಂಬಳದಾರರ ಓಟು ಇದೆ, ಮಾವಳ್ಳಿ ಮತ್ತು ಬಸವನಗುಡಿಯ ಮನೆಗಳು ಅವಳ ಮಾತು ಕೇಳುತ್ತವೆ. ಇಲ್ಲದ್ದು ವ್ಯಾಪಾರಸ್ಥರ ಓಟು, ಅಂದರೆ ಅಕ್ಕಿಪೇಟೆ ಮತ್ತು ಕಲಾಸಿಪಾಳ್ಯ. ಅಲ್ಲಿನವರು ಚುನಾವಣೆ ಬಂದಾಗ ಮನೆಮಂದಿಯನ್ನೆಲ್ಲ ಸದಸ್ಯರನ್ನಾಗಿ ಮಾಡಿಸಿ, ಆಟೋದಲ್ಲಿ ತುಂಬಿಕೊಂಡು ಬಂದು ಓಟು ಹಾಕಿಸುತ್ತಾರೆ. ಆ ಕಡೆಯ ಓಟೆಲ್ಲ ಅಕ್ಕಿಪೇಟೆಯ ಒಬ್ಬ ಅಕ್ಕಿಮಂಡಿ ಯಜಮಾನನ ಮುಷ್ಟಿಯಲ್ಲಿತ್ತು. ನನಗಿಂತ ಚಿಕ್ಕವನು, ಚಿಕ್ಕಂದಿನಿಂದ ಬಲ್ಲವನು, ಹಾಗಾಗಿ ಏಕವಚನದ ಸಲುಗೆ. ಅವನು ಜೋಡಿಯಾದರೆ ಅಕ್ಕ ಗೆದ್ದಳು, ಹಾಸ್ಟೆಲ್ಲು ಉಳಿಯಿತು. ಅವನಾಗದಿದ್ದರೆ ಇಲ್ಲ. ಇದು ಒಂದನೇ ಕ್ಲಾಸಿನ ಕೂಡುವ ಲೆಕ್ಕ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಕೇಳಿದಳು: "ಅದೆಲ್ಲ ಸರಿ ರೀ. ಅತ್ತಿಗೆ ಕೈಯಿಂದ ತಾಂಬೂಲ ಯಾರು ತಗೋತಾರೆ, ಯೋಚನೆ ಮಾಡಿದ್ದೀರಾ?"

"ಯಾಕೆ, ಕೈಗೇನಾಗಿದೆ?"

"ಶುಭಕಾರ್ಯದ ಮೊದಲ್ನೇ ತಾಂಬೂಲ. ಅವ್ರ ಹಣೇಲಿ ಕುಂಕುಮ ಇಲ್ಲ."

ನನಗೆ ಸಿಟ್ಟು ಬಂತು. ಯಾವ ಕಾಲದಲ್ಲಿದ್ದೀಯ, ಇದೇನು ಅಜ್ಜಿಯ ಕಾಲವೇ, ಇಷ್ಟು ಓದಿದ ಜನ ಅದನ್ನೆಲ್ಲ ನೋಡುತ್ತಾರೆಯೇ ಎಂದು ದೊಡ್ಡ ದನಿಯಲ್ಲೇ ಗದರಿದೆ. ಅವಳು ಸಾರು ಬಡಿಸಿದಳು. "ನಾನು ನೋಡ್ತೀನಿ ಅಂದಿಲ್ಲ, ನೋಡ್ತಾರೆ ಅಂದೆ," ಎಂದು ಒಳಗೆ ಹೋದಳು.

ಆ ವಾರವೇ ಒಂದು ತಮಾಷೆ ನಡೆಯಿತು. ನಮ್ಮ ಮನೆಗೆ ಊರಿನಿಂದ ಒಂದು ಹಲಸಿನ ಹಣ್ಣು ಬಂದಿತ್ತು. ಬಿಡಿಸಿದ ತೊಳೆಗಳನ್ನು ಅಕ್ಕ ಒಂದು ತಟ್ಟೆಯಲ್ಲಿ ಇಟ್ಟು, ನೊಣ ಕೂರದಿರಲಿ ಎಂದು ಮೇಲೊಂದು ಬಟ್ಟೆ ಮುಚ್ಚಿ, ಇಂಜಿನಿಯರ ಮನೆಗೆ ಕೊಡಲು ಮಾವಳ್ಳಿಗೆ ಹೋದಳು. ಅವರ ಹೆಂಡತಿ ಅವಳ ಹಳೆಯ ಗೆಳತಿ. ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಅಕ್ಕ ಆಟೋ ಇಳಿದದ್ದನ್ನು ನಮ್ಮವರೊಬ್ಬರು ಕಂಡರು. ಸಾಕಲ್ಲ. ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ಇಂಜಿನಿಯರಿಗೆ ಅಭಿನಂದನೆಗಳ ಮಳೆ. ಆಷಾಢದಲ್ಲೇ ಕೊಟ್ಟುಬಿಟ್ಟರಲ್ಲ ಎಂದು ಒಂದಿಬ್ಬರ ಗೊಣಗಾಟ. ಕಲಾಸಿಪಾಳ್ಯದ ಒಬ್ಬ ತರಕಾರಿ ವ್ಯಾಪಾರಿಯಂತೂ ಹಾರ ತೆಗೆದುಕೊಂಡು ಅವರ ಮನೆಗೇ ಹೋಗಿಬಿಟ್ಟ.

ಇಂಜಿನಿಯರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಬಂದದ್ದು ಹಲಸಿನ ಹಣ್ಣು ಮಾತ್ರ, ತಾಂಬೂಲವಲ್ಲ, ತಾವು ತಾಂಬೂಲ ತೆಗೆದುಕೊಂಡಿಲ್ಲ ಎಂದು ಗುಂಪಿನಲ್ಲಿ ಮೇಲಿಂದ ಮೇಲೆ ಬರೆದರು. ಖಾಲಿಯಾದ ತಟ್ಟೆಯಲ್ಲಿ ಉಳಿದ ಬೀಜಗಳ ಫೋಟೋ ಹಾಕಿದರು. ಒಬ್ಬ ಮನುಷ್ಯ ಕಳ್ಳತನದ ಆರೋಪವನ್ನೂ ಅಷ್ಟು ಗಾಬರಿಯಿಂದ ನಿರಾಕರಿಸುವುದನ್ನು ನಾನು ಕಂಡಿಲ್ಲ. ಅವತ್ತು ಅಕ್ಕ ಆ ಫೋಟೋವನ್ನು ಬಹಳ ಹೊತ್ತು ನೋಡಿ, ಫೋನು ಕೆಳಗಿಟ್ಟಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಪೇಪರ್ ಓದತೊಡಗಿದೆ.

ಶ್ರಾವಣ ಹುಟ್ಟಿದೊಡನೆ ನಾನು ಅಕ್ಕಿಪೇಟೆಗೆ ಹೋದೆ, ಅಕ್ಕ ತಟ್ಟೆ ಹಿಡಿಯುವ ಮೊದಲು ನೆಲ ಗಟ್ಟಿಯಿದೆಯೇ ನೋಡಿಬರೋಣ ಎಂದು. ಮಂಡಿಯಲ್ಲಿ ಮೂಟೆಗಳು ಇಳಿಯುತ್ತಿದ್ದವು. ಯಜಮಾನ ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಅಣ್ಣಾ, ಕೂತ್ಕೊಳಿ," ಎಂದು ತನ್ನ ಗಾದಿಯ ಮೇಲೇ ಕೂರಿಸಿದ. ವಿಷಯ ಎತ್ತುವ ಮೊದಲೇ ಅವನಿಗೆ ಗೊತ್ತಿತ್ತು.

"ಅಕ್ಕ ಅಂದ್ರೆ ನಮ್ಗೆ ದೇವ್ರಿದ್ದಂಗೆ ಅಣ್ಣ. ಜೋಡಿ ನಿಲ್ತೀನಿ, ನಮ್ ಕಡೆ ಓಟೆಲ್ಲ ನಿಮ್ದೇ. ಒಂದೇ ಒಂದು ಮಾತು. ತಾಂಬೂಲ ನೀವು ಕೊಟ್ಬಿಡಿ. ಅಕ್ಕ ಪಕ್ಕದಲ್ಲಿ ಇರ್ಲಿ, ಫೋಟೋಗೂ ನಿಲ್ಲಲಿ. ತಟ್ಟೆ ಮಾತ್ರ ನಿಮ್ ಕೈಲಿ ಬರ್ಲಿ."

"ಯಾಕೋ?"

"ನಂಗೇನಿಲ್ಲಣ್ಣ, ಸತ್ಯವಾಗ್ಲೂ. ಅಮ್ಮ ಇದಾರಲ್ಲ. ಹಳೇ ಕಾಲದೋರು. ಒಪ್ಪಲ್ಲ."

ನನಗೆ ಅದು ದೊಡ್ಡ ಮಾತೆನಿಸಲಿಲ್ಲ, ನಿಜ ಹೇಳುತ್ತೇನೆ. ತಟ್ಟೆ ಯಾರ ಕೈಯಲ್ಲಿದ್ದರೇನು, ಓಟು ಬಿದ್ದರಾಯಿತು. ಹೆಂಡತಿ ಹೇಳಿದ್ದು ನಿಜವಾಯಿತಲ್ಲ ಎಂಬ ಕಿರಿಕಿರಿಯೊಂದನ್ನು ಬಿಟ್ಟರೆ, ಗೆದ್ದು ಬಂದವನ ಹಾಗೆಯೇ ಮನೆಗೆ ಬಂದೆ. ಅಕ್ಕ ಮಹಡಿಯಲ್ಲಿ ಹಾಸ್ಟೆಲ್ಲಿನ ದಿಂಬಿನ ಕವರುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಸೂಜಿ ನಿಲ್ಲಿಸಲಿಲ್ಲ.

"ತಟ್ಟೆ ನಾನೇ ಹಿಡ್ಕೊಂಡು ಹೋಗ್ತೀನಿ," ಎಂದಳು.

"ಅಕ್ಕ, ಅವನು ತಗೊಳಲ್ಲ ಅಂತ ಹೇಳ್ತಿದೀನಲ್ಲ."

"ಬೇಡ ಅಂತ ನನ್ ಮುಖ ನೋಡಿ ಹೇಳ್ಲಿ."

"ಹಾಸ್ಟೆಲ್ ಉಳೀಬೇಕೋ, ನಿನ್ ಹಠ ಉಳೀಬೇಕೋ? ಒಂದು ನಿಮಿಷದ ಕೆಲಸ. ನಾನು ಕೊಡ್ತೀನಿ, ಅವನು ತಗೋತಾನೆ, ಮುಗೀತು."

ಆಗ ಸೂಜಿ ನಿಂತಿತು. "ಆ ಹುಡುಗೀರಿಗೆ ದಿನಾ ಏನ್ ಹೇಳ್ತೀನಿ ಗೊತ್ತಾ ನಿಂಗೆ? ಓದಿ, ನಿಮ್ ಕೈ ನಂಬ್ಕೊಂಡು ಬದುಕಿ ಅಂತೀನಿ. ನಾಳೆ ಅವ್ರ ಹತ್ರ ಹೋಗಿ, ಕಟ್ಟಡ ಉಳಿಸ್ಬಿಟ್ಟೆ ಕಣ್ರೇ, ನನ್ ಕೈನ ಮಾತ್ರ ಸೆರಗಲ್ಲಿ ಮುಚ್ಚಿಟ್ಕೊಂಡಿದ್ದೆ ಅನ್ಲಾ?"

ನಾನೂ ಬಿಡಲಿಲ್ಲ. ಆ ಸಂಜೆ ನಮ್ಮಿಬ್ಬರಿಗೂ ಜಗಳವಾಯಿತು. ಕೆಳಗಿನ ಮನೆಗೆ ಕೇಳುವಷ್ಟು. ಸೋತರೆ ಆ ಹುಡುಗಿಯರ ಹಾಸಿಗೆ ಬೀದಿಗೆ ಬರುತ್ತದೆ, ಆಗ ನಿನ್ನ ಕೈಯನ್ನು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಕೇಳಿದೆ. ಅವಳ ಕಣ್ಣಲ್ಲಿ ನೀರು ಬಂತು, ಮಾತು ಬದಲಾಗಲಿಲ್ಲ. ಲೆಕ್ಕ ಗೊತ್ತಿಲ್ಲದವರ ಜೊತೆ ವಾದ ಮಾಡಬಹುದು. ಅಕ್ಕನಿಗೆ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹಾಗೆ ನಿಂತವರಿಗೆ ಏನು ಹೇಳುವುದು?

ಶುಕ್ರವಾರ ಬೆಳಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಹಸಿರು ಅಂಚಿನ ಬಿಳಿ ಸೀರೆ ಉಟ್ಟು, ತಟ್ಟೆ ಜೋಡಿಸಿದಳು. ಎಲೆಗಳನ್ನು ನನ್ನ ಹೆಂಡತಿಯೇ ಒರೆಸಿ ಕೊಟ್ಟಳು. ನಾನೂ ಜೊತೆಗೆ ಹೊರಟೆ. ಅಕ್ಕನ ಜೊತೆ ಜಗಳವಾಡಬಹುದು, ಅವಳೊಬ್ಬಳನ್ನೇ ಕಳಿಸಲಾಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ಬೇಕಾದರೆ ತಟ್ಟೆ ಇಸಿದುಕೊಂಡರಾಯಿತು ಎಂಬ ಯೋಚನೆಯೂ ಇತ್ತು.

ಯಜಮಾನನ ಮನೆ ಮಂಡಿಯ ಮೇಲೆಯೇ. ಕೆಳಗಿನ ಅಕ್ಕಿಯ ಧೂಳು ಮೆಟ್ಟಿಲವರೆಗೂ ಇರುತ್ತದೆ. ಬಾಗಿಲಲ್ಲಿ ನಮ್ಮನ್ನು ಕಂಡು ಅವನು ಮೊದಲು ನಗುತ್ತಾ ಬಂದ. ಆಮೇಲೆ ತಟ್ಟೆ ಯಾರ ಕೈಯಲ್ಲಿದೆ ಎಂದು ಕಂಡ. ನಗು ಅಲ್ಲೇ ನಿಂತಿತು.

"ಬನ್ನಿ ಅಕ್ಕಾ. ಅಣ್ಣ, ನೀವು..." ಎಂದು ನನ್ನ ಕಡೆ ನೋಡಿದ. ನಾನು ಅಕ್ಕನ ಕಡೆ ನೋಡಿದೆ. ಅವಳು ನಡುಮನೆಯಲ್ಲಿ ನಿಂತು, ಎರಡೂ ಕೈಯಲ್ಲಿ ತಟ್ಟೆಯನ್ನು ಅವನ ಮುಂದೆ ಚಾಚಿದಳು.

"ನನ್ ಜೋಡಿ ನಿಂತ್ಕೊಳಪ್ಪ," ಎಂದಳು.

ಅವನು ಕೈ ಮುಗಿದ. ತಟ್ಟೆ ಮುಟ್ಟಲಿಲ್ಲ. "ಅಕ್ಕಾ, ಕೂತ್ಕೊಳಿ, ಕಾಫಿ ತಗೊಳಿ. ಅಣ್ಣಂಗೆ ಎಲ್ಲಾ ಹೇಳಿದೀನಿ. ನಂದೇನಿಲ್ಲ. ಅಮ್ಮ..."

"ಅಮ್ಮ ಎಲ್ಲಿದಾರೆ?"

"ಮಲಗಿದಾರೆ ಅಕ್ಕ."

ಅಕ್ಕ ಕದಲಲಿಲ್ಲ. ತೆಂಗಿನಕಾಯಿ ಇಟ್ಟ ತಟ್ಟೆ ಹಗುರವಲ್ಲ. ಅವಳ ಕೈ ಅಲ್ಲಾಡಲೂ ಇಲ್ಲ. ಯಜಮಾನನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ. ತಟ್ಟೆಗೆ ಕೈ ಹಾಕಿ ಇಸಿದುಕೊಳ್ಳೋಣ ಎಂದು ಒಂದು ಹೆಜ್ಜೆ ಮುಂದಿಟ್ಟೆ.

"ಯಾರ್ಲಾ ಬಂದಿರೋದು?" ಎಂಬ ದನಿ ಒಳಕೋಣೆಯಿಂದ ಬಂತು. ಮಲಗಿದ್ದ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಸಣ್ಣ ಆಕಾರ, ಬೋಳು ಹಣೆ, ಬೋಳು ಕೈ. ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕವ್ವ, ತಟ್ಟೆ ಹಿಡ್ಕಂಡು ನಿಂತೇ ಇದೀಯ? ಇಸ್ಕೊಳೋರಿಲ್ವಾ ಮನೇಲಿ?"

ಅಕ್ಕ ಹೇಳಿದಳು. ಸಂಘದ ವಿಷಯ, ಹಾಸ್ಟೆಲ್ಲಿನ ವಿಷಯ, ಜೋಡಿ ತಾಂಬೂಲದ ವಿಷಯ. ಕೊನೆಗೆ, "ನಿಮಗೆ ಒಪ್ಪಿಗೆ ಇಲ್ಲವಂತೆ," ಎಂದಳು.

ಮುದುಕಿ ಮಗನ ಕಡೆ ತಿರುಗಿದರು. "ನನ್ ಕೇಳಿದ್ಯೇನ್ಲಾ?"

"ಇಲ್ಲಮ್ಮ, ನಿಂಗೆ ಬೇಜಾರಾಗತ್ತೆ ಅಂತ..."

"ಕೇಳ್ದೇನೇ ಗೊತ್ತಾಯ್ತು ನಿಂಗೆ." ಅವರು ಉಸಿರು ತೆಗೆದುಕೊಳ್ಳಲು ಕುರ್ಚಿಯ ಬೆನ್ನು ಹಿಡಿದು ನಿಂತರು. "ಆ ಹಾಸ್ಟೆಲ್ಗೆ ನಿಮ್ಮಪ್ಪ ಹಬ್ಬಹಬ್ಬಕ್ಕೂ ಅಕ್ಕಿ ಕಳಿಸ್ತಿದ್ರು. ಕಲ್ಲು ಆರ್ಸಿ ಕೊಡ್ತಿದ್ದೋಳು ನಾನು. ಹೆಣ್ಮಕ್ಕಳ ಬಾಯಿಗೆ ಕಲ್ಲು ಸಿಗಬಾರ್ದು ಅಂತ. ಅದನ್ನ ಕೆಡವ್ತಾರಾ?"

ಅವರು ನನ್ನ ಕಡೆ ನೋಡಿದರು. "ನೀನು ಓದಿದೋನು. ಓಟು ಅಂತ ನನ್ನೂ ಆಟೋದಲ್ಲಿ ಕರ್ಕಂಡು ಹೋಗ್ತಾರಲ್ಲ, ಎಲ್ಲಿ ಒತ್ತಬೇಕು ಅಂತ ಇವನು ಹೇಳಿಕೊಡ್ತಾನೆ. ಓಟಿರೋರು ಎಲೆಕ್ಷನ್‌ಗೂ ನಿಲ್ಲಬೋದಾ?"

ಆ ಮನೆಯಲ್ಲಿ ಎಷ್ಟು ಓಟಿದೆ ಎಂದು ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ಒಂದು ಇವರದು ಎಂದು ಮಾತ್ರ ನಾನು ಯಾವತ್ತೂ ನೆನೆದಿರಲಿಲ್ಲ. "ನಿಲ್ಲಬಹುದು ಅಮ್ಮ," ಎಂದೆ.

"ಹಂಗಾದ್ರೆ ಇವನ್ಯಾಕೆ ಬೇಕು?" ಎಂದವರೇ ಸೆರಗನ್ನು ಹೆಗಲಿಗೆ ಸರಿಯಾಗಿ ಹೊದ್ದು, ಅಕ್ಕನ ಮುಂದೆ ಎರಡೂ ಕೈ ಚಾಚಿದರು. "ಕೊಡವ್ವ. ಇವ್ರಪ್ಪ ಹೋದ್ಮೇಲೆ ಮದುವೆ ಮನೇಲಿ ತಾಂಬೂಲನ ಚೀಲಕ್ಕೆ ಹಾಕಿ ಸೊಸೆ ಕೈಗೆ ಕೊಡ್ತಾರೆ, ನಿಮ್ಮತ್ತೇದೂ ಸೇರಿದೆ ಅಂತಾರೆ. ನನ್ ಕೈಗೆ ಯಾರೂ ಕೊಟ್ಟಿಲ್ಲ."

ಅಕ್ಕ ತಟ್ಟೆಯನ್ನು ಅವರ ಕಡೆಗೆ ಬಾಗಿಸಿದಳು. ತೆಂಗಿನಕಾಯಿ ಉರುಳಿ ಬೀಳದಿರಲಿ ಎಂದು ನಾನು ಒಂದು ಬದಿ ಹಿಡಿದೆ. ಮುದುಕಿ ತಟ್ಟೆ ತೆಗೆದುಕೊಂಡು, ಎಲೆಗಳನ್ನು ಕಣ್ಣಿಗೆ ಒತ್ತಿಕೊಂಡರು. ಅಕ್ಕ ಅವರ ಕಾಲಿಗೆ ಬಿದ್ದಳು. ಎದ್ದಾಗ ಇಬ್ಬರೂ ಅಳುತ್ತಿದ್ದರು, ನಾನೂ. ಆಮೇಲೆ ಅಮ್ಮ ಕುರ್ಚಿಯಲ್ಲಿ ಕೂತು, ಉಪಾಧ್ಯಕ್ಷರಾದವರು ಏನೇನು ಕೆಲಸ ಮಾಡಬೇಕು ಎಂದು ಕೇಳಿದರು. ಸಾಮಾನ್ಯವಾಗಿ ಏನೂ ಇಲ್ಲ ಎಂದೆ. ಅದು ತಮಗಾಗದು, ಕೆಲಸ ಕೊಡಿ ಎಂದರು.

ಬೆಂಚಿನಲ್ಲಿ ನನ್ನ ಮಾನ ಹೋಯಿತು. ಇಂಜಿನಿಯರು ಒಂದು ವಾರ ಅದೇ ಮಾತು ಆಡಿದರು: ಅಮೆರಿಕದ್ದು ಗೊತ್ತಾಯಿತು, ಅಕ್ಕಿಪೇಟೆಯದು ಗೊತ್ತಾಗಲಿಲ್ಲ. ಹಲಸಿನ ಬೀಜದ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ ಎಂದು ನೆನಪಿಸಿದ ಮೇಲೆ ಸುಮ್ಮನಾದರು. ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಅಕ್ಕಿಪೇಟೆಯ ಓಟು ಬೇಕು ಎಂದಿದ್ದೆ, ಬಂತು. ಹೆತ್ತ ತಾಯಿಯೇ ಕಣದಲ್ಲಿ ನಿಂತರೆ ಮಗನಿಗೆ ಕೈಕಟ್ಟಿ ಕೂರಲಾಗುತ್ತದೆಯೇ? ಆ ಯಜಮಾನ ಮಂಡಿ ಬಿಟ್ಟು ಕಲಾಸಿಪಾಳ್ಯದ ಅಂಗಡಿ ಅಂಗಡಿ ಸುತ್ತಿದ. ಕರಪತ್ರದಲ್ಲಿ ಎರಡು ಹಣೆಗಳು ಬೋಳಾಗಿ ಕಾಣುತ್ತವೆಂದು ಅಚ್ಚಿನವನು ಕಂಪ್ಯೂಟರಿನಲ್ಲೇ ಇಬ್ಬರಿಗೂ ಕುಂಕುಮ ಇಟ್ಟಿದ್ದನಂತೆ. ಅದನ್ನು ಕಂಡು ರೇಗಿ, ಎದುರಿಗೆ ನಿಂತು ತೆಗೆಸಿ ಬಂದವನೂ ಆ ಯಜಮಾನನೇ.

ಅಕ್ಕ ಗೆದ್ದಳು. ಕಲ್ಯಾಣ ಮಂಟಪದ ನಕ್ಷೆ ಸಂಘದ ಅಟ್ಟ ಸೇರಿತು, ಹಾಸ್ಟೆಲ್ಲಿಗೆ ಸುಣ್ಣ ಬಣ್ಣ ಆಯಿತು. ಎಣಿಕೆ ಮುಗಿದ ಸಂಜೆ ಗೆದ್ದ ಜೋಡಿ ಸಂಘದ ಹಾಲಿನ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತಾಂಬೂಲ ಕೊಟ್ಟು ಕಳಿಸುವುದು ನಮ್ಮಲ್ಲಿ ವಾಡಿಕೆ. ಹಾಸ್ಟೆಲ್ಲಿನ ಹುಡುಗಿಯರು ಎಲೆ ಅಡಿಕೆ ಜೋಡಿಸಿ ಬುಟ್ಟಿ ತುಂಬಿದರು. ಅಕ್ಕ ಒಂದು ಕಡೆ, ಕುರ್ಚಿಯಲ್ಲಿ ಕೂತ ಅಮ್ಮ ಇನ್ನೊಂದು ಕಡೆ. ಜನ ಬಾಗಿಲ ಹತ್ತಿರ ಬಂದು ತಡೆದು ನಿಂತರು. ಹಿಂದಿದ್ದವರು ಮುಂದಿದ್ದವರನ್ನು ನೋಡಿದರು, ಮುಂದಿದ್ದವರು ಚಪ್ಪಲಿ ಹುಡುಕಿದರು. ಇಂಜಿನಿಯರು ಯಾವುದೋ ಫೋನು ಬಂದಂತೆ ಪಕ್ಕಕ್ಕೆ ಹೋದರು.

ಆಗ ಮಂಡಿ ಯಜಮಾನ ಗುಂಪನ್ನು ಸರಿಸಿಕೊಂಡು ಬಂದು ತಾಯಿಯ ಮುಂದೆ ನಿಂತ. ಬಲಗೈ ಮುಂದೆ ಮಾಡಿದ. ಅವರು ಎಲೆ ಅಡಿಕೆ ಎತ್ತಿಕೊಂಡರು, ಆದರೆ ಕೊಡಲಿಲ್ಲ. ಮಗನ ಮುಖವನ್ನೇ ನೋಡುತ್ತಾ ಕಾದರು.

"ಎರಡೂ ಕೈ ಒಡ್ಡೋ," ಎಂದರು.

ಅವನು ಒಡ್ಡಿದ.